ಅಳಿದ ಹೆಸರು, ಉಳಿದ ಅಂಕಿ: ಮೈಕೆಲ್ ಫ್ಯಾರಡೆಯ ಬದುಕಿನಲ್ಲಿ ಒಂದು ದ್ರವನಬಿಂದು

ಮೈಕೆಲ್ ಫ್ಯಾರಡೆಯ (1791–1867) ಹೆಸರು ವಿದ್ಯುತ್ತಿನ ಚರಿತ್ರೆಯೊಂದಿಗೆ ಬೆಸೆದುಕೊಂಡಿರುವ ರೀತಿಯಿಂದಾಗಿ, ಆತ ತನ್ನ ವೃತ್ತಿಜೀವನದ ಮೊದಲರ್ಧದಲ್ಲಿ ಮುಖ್ಯವಾಗಿ ರಸಾಯನಶಾಸ್ತ್ರಜ್ಞನಾಗಿದ್ದನೆಂಬ ಸಂಗತಿ ಹಿಂದೆ ಸರಿದಿದೆ. ವಿದ್ಯುಜ್ಜನಕದ ತತ್ತ್ವವನ್ನು ಕಂಡುಕೊಳ್ಳುವುದಕ್ಕೆ ಆರು ವರ್ಷ ಮೊದಲು, 1825ರಲ್ಲಿ, ಆತ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನ ನೆಲಮಾಳಿಗೆಯ ಪ್ರಯೋಗಶಾಲೆಯಲ್ಲಿ ಬಣ್ಣವಿಲ್ಲದ ಒಂದು ದ್ರವವನ್ನು ಬೇರ್ಪಡಿಸಿ, ಅದನ್ನು ಹೆಪ್ಪುಗಟ್ಟಿಸಿ, ಅದು ಮತ್ತೆ ಕರಗುವ ಉಷ್ಣತೆಯನ್ನು ಅಳೆದನು. ಆ ದ್ರವವೇ ಇಂದು ಬೆಂಜೀನ್ ಎಂದು ಕರೆಯಲ್ಪಡುವ, ಬಹುಕಾಲ ರಸಾಯನಶಾಸ್ತ್ರದ ಪ್ರಮುಖ ದ್ರಾವಕಗಳಲ್ಲಿ ಒಂದಾಗಿದ್ದ ವಸ್ತು. ಫ್ಯಾರಡೆ ಅದಕ್ಕೊಂದು ಹೆಸರನ್ನೂ ಕೊಟ್ಟಿದ್ದನು. ಆ ಹೆಸರು ಹತ್ತು ವರ್ಷವೂ ಬಾಳಲಿಲ್ಲ. ಆತ ಬರೆದಿಟ್ಟ ಅಂಕಿ ಮಾತ್ರ ಎರಡು ಶತಮಾನಗಳನ್ನು ದಾಟಿ ಬಂದಿದೆ.

ಪಾರಿಭಾಷಿಕ ಪದಗಳ ರಚನೆಯಲ್ಲಿ ಆಸಕ್ತಿಯುಳ್ಳವರಿಗೆ ಈ ಪ್ರಸಂಗವು ಒಂದು ಮೂಲಭೂತ ಪ್ರಶ್ನೆಯನ್ನು ಒಡ್ಡುತ್ತದೆ. ಒಂದು ವಸ್ತುವನ್ನು ಗುರುತಿಸುವುದು ಅದರ ನಾಮದಿಂದಲೋ, ಲಕ್ಷಣದಿಂದಲೋ? ನಾಮವು ಲಕ್ಷಣವನ್ನು ಹೇಳಬೇಕೋ, ಇಲ್ಲವೆ ವಸ್ತುವಿನ ಕಡೆಗೆ ಬೆರಳು ತೋರಿಸಿ ಸುಮ್ಮನಾಗಬೇಕೋ? ಫ್ಯಾರಡೆ ತನ್ನ ಬದುಕಿನಲ್ಲಿ ಈ ಎರಡು ಬಗೆಯ ನಾಮಕರಣವನ್ನೂ ಮಾಡಿದನು. ಒಂದರಲ್ಲಿ ಸೋತನು, ಇನ್ನೊಂದರಲ್ಲಿ ಗೆದ್ದನು. ಈ ದೃಷ್ಟಿಯಿಂದ ಆತನ ಜೀವನವನ್ನು ಮತ್ತೊಮ್ಮೆ ಅವಲೋಕಿಸುವುದು ಉಪಯುಕ್ತವಾಗುತ್ತದೆ.

1. ಪುಸ್ತಕ ಕಟ್ಟುವ ಹುಡುಗ

ಫ್ಯಾರಡೆ ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಲಂಡನ್ನಿನ ದಕ್ಷಿಣಕ್ಕಿದ್ದ ನ್ಯೂಯಿಂಗ್ಟನ್‌ನಲ್ಲಿ. ತಂದೆ ಜೇಮ್ಸ್ ಕಮ್ಮಾರ. ಇಂಗ್ಲೆಂಡಿನ ಉತ್ತರ ಭಾಗದಿಂದ ಕೆಲಸ ಹುಡುಕಿಕೊಂಡು ರಾಜಧಾನಿಗೆ ಬಂದವನು. ಕಾಯಿಲೆಯಿಂದಾಗಿ ಕುಲುಮೆಯ ಮುಂದೆ ನಿತ್ಯವೂ ನಿಲ್ಲಲಾರದ ಸ್ಥಿತಿ ಅವನದಾಗಿತ್ತು. ಧಾನ್ಯದ ಬೆಲೆ ವಿಪರೀತವಾಗಿ ಏರಿದ 1801ರಲ್ಲಿ, ಹತ್ತು ವರ್ಷದ ಮೈಕೆಲ್‌ನ ಪಾಲಿಗೆ ವಾರಕ್ಕೊಂದು ರೊಟ್ಟಿ ಸಿಗುತ್ತಿತ್ತೆಂದು ಆತನ ಜೀವನಚರಿತ್ರಕಾರರು ದಾಖಲಿಸಿದ್ದಾರೆ. ಓದು ಬರಹ ಮತ್ತು ಸಾಧಾರಣ ಲೆಕ್ಕ, ಇಷ್ಟೇ ಆತನಿಗೆ ದೊರೆತ ಶಾಲಾಶಿಕ್ಷಣ. ಕುಟುಂಬವು ಸ್ಯಾಂಡೆಮನ್ ಪಂಥಕ್ಕೆ ಸೇರಿತ್ತು. ಸಂಪತ್ತಿನ ಸಂಗ್ರಹಕ್ಕೆ ಮಹತ್ತ್ವ ಕೊಡದ, ಸರಳ ಬದುಕನ್ನು ವಿಧಿಸುವ ಈ ಸಣ್ಣ ಕ್ರೈಸ್ತ ಪಂಥದಲ್ಲಿ ಫ್ಯಾರಡೆ ಕೊನೆಯವರೆಗೂ ನಿಷ್ಠೆಯಿಂದ ಉಳಿದನು.

1804ರಲ್ಲಿ ಆತ ಬ್ಲ್ಯಾಂಡ್‌ಫರ್ಡ್ ಬೀದಿಯ ಜಾರ್ಜ್ ರೀಬೋ ಎಂಬ ಪುಸ್ತಕ ವ್ಯಾಪಾರಿಯ ಅಂಗಡಿಗೆ ಸೇರಿದನು. ಮೊದಲ ವರ್ಷ ಮನೆಮನೆಗೆ ಪತ್ರಿಕೆ ಮುಟ್ಟಿಸುವ ಕೆಲಸ. ಅನಂತರ ಏಳು ವರ್ಷಗಳ ಕರಾರಿನ ಮೇಲೆ ಪುಸ್ತಕ ಕಟ್ಟುವ ವಿದ್ಯೆಯ ಕಲಿಕೆ. ಹಾಳೆಗಳನ್ನು ಜೋಡಿಸಿ ಹೊಲಿದು ರಟ್ಟು ಹಾಕುವ ಕೆಲಸವು ಕೈಗೆ ನಯವನ್ನೂ ಕಣ್ಣಿಗೆ ಎಚ್ಚರವನ್ನೂ ಕಲಿಸಿತು. ಕಟ್ಟಲು ಬಂದ ಪುಸ್ತಕಗಳನ್ನು ಆತ ಓದತೊಡಗಿದನು. ಬ್ರಿಟಾನಿಕ ವಿಶ್ವಕೋಶದಲ್ಲಿನ ವಿದ್ಯುತ್ತಿನ ಕುರಿತ ಬರಹ ಮತ್ತು ಜೇನ್ ಮಾರ್ಸೆಟ್ ಎಂಬ ಲೇಖಕಿ ಸಂವಾದರೂಪದಲ್ಲಿ ಬರೆದ ರಸಾಯನಶಾಸ್ತ್ರದ ಪುಸ್ತಕ ಆತನ ಮೇಲೆ ಗಾಢವಾದ ಪ್ರಭಾವವನ್ನು ಬೀರಿದವು. ಮಾರ್ಸೆಟ್ ಬರೆದದ್ದು ವಿಶ್ವವಿದ್ಯಾಲಯದ ಪಂಡಿತರಿಗಾಗಿ ಅಲ್ಲ, ಸಾಮಾನ್ಯ ಓದುಗರಿಗಾಗಿ. ಜನರ ನುಡಿಯಲ್ಲಿ ವಿಜ್ಞಾನವನ್ನು ಹೇಳುವ ಬರಹವು ಏನನ್ನು ಸಾಧಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಸಿಗುವುದು ಕಷ್ಟ. ಮುಂದೆ ಪ್ರಸಿದ್ಧನಾದ ಮೇಲೂ ಫ್ಯಾರಡೆ ಆಕೆಯನ್ನು ತನ್ನ ಮೊದಲ ಗುರುವೆಂದು ಗೌರವಿಸುತ್ತಿದ್ದನು.

1810ರಿಂದ ಆತ ಜಾನ್ ಟ್ಯಾಟಮ್ ಎಂಬವನು ತನ್ನ ಮನೆಯಲ್ಲಿ ನಡೆಸುತ್ತಿದ್ದ ಉಪನ್ಯಾಸಗಳಿಗೆ ಹೋಗತೊಡಗಿದನು. ಒಂದು ಉಪನ್ಯಾಸಕ್ಕೆ ಒಂದು ಷಿಲಿಂಗ್ ಶುಲ್ಕ. ಅದನ್ನು ಕೊಡುತ್ತಿದ್ದವನು ತಂದೆಯ ಕಸುಬನ್ನೇ ಹಿಡಿದಿದ್ದ ಅಣ್ಣ ರಾಬರ್ಟ್. 1812ರಲ್ಲಿ, ಅಂಗಡಿಯ ಗಿರಾಕಿಯೊಬ್ಬರ ಕೃಪೆಯಿಂದ, ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಹಂಫ್ರಿ ಡೇವಿ ನೀಡಿದ ನಾಲ್ಕು ಉಪನ್ಯಾಸಗಳನ್ನು ಕೇಳುವ ಅವಕಾಶ ಒದಗಿತು. ಫ್ಯಾರಡೆ ಅವನ್ನು ಬರೆದುಕೊಂಡು, ಚಿತ್ರಗಳೊಂದಿಗೆ ಶುದ್ಧಪ್ರತಿ ಮಾಡಿ, ತನ್ನ ಕೈಯಿಂದಲೇ ರಟ್ಟು ಕಟ್ಟಿ ಡೇವಿಗೆ ಕಳುಹಿಸಿದನು. 1813ರ ಮಾರ್ಚ್‌ನಲ್ಲಿ, ವಾರಕ್ಕೆ 25 ಷಿಲಿಂಗ್ ಸಂಬಳ ಹಾಗೂ ಕಟ್ಟಡದ ಮೇಲಂತಸ್ತಿನಲ್ಲಿ ಎರಡು ಕೋಣೆಗಳೊಂದಿಗೆ, ಆತ ಆ ಸಂಸ್ಥೆಯ ಪ್ರಯೋಗಶಾಲೆಯ ಸಹಾಯಕನಾಗಿ ನೇಮಕಗೊಂಡನು. ಮುಂದಿನ ಅರ್ಧ ಶತಮಾನ ಅದೇ ಆತನ ಮನೆಯೂ ಕರ್ಮಭೂಮಿಯೂ ಆಯಿತು.

2. ಗುರುವಿನ ನೆರಳು

ಅದೇ ವರ್ಷದ ಅಕ್ಟೋಬರಿನಲ್ಲಿ ಡೇವಿ ದಂಪತಿಗಳು ಯೂರೋಪಿನ ದೀರ್ಘ ಪ್ರವಾಸಕ್ಕೆ ಹೊರಟರು. ಇಂಗ್ಲೆಂಡಿಗೂ ಫ್ರಾನ್ಸಿಗೂ ಯುದ್ಧ ನಡೆಯುತ್ತಿದ್ದರೂ ನೆಪೋಲಿಯನ್ನನ ಸರ್ಕಾರವೇ ಡೇವಿಗೆ ರಹದಾರಿ ನೀಡಿತ್ತು. ಪರಿಚಾರಕ ಕೊನೆಗಳಿಗೆಯಲ್ಲಿ ಹಿಂದೆಗೆದುದರಿಂದ ಸಹಾಯಕ ಫ್ಯಾರಡೆಯೇ ಆ ಕೆಲಸವನ್ನೂ ಮಾಡಬೇಕಾಯಿತು. ಡೇವಿಯ ಪತ್ನಿ ಆತನನ್ನು ಆಳಿನಂತೆ ನಡೆಸಿಕೊಂಡಳು. ಒಂದೆಡೆ ಈ ಅವಮಾನ. ಇನ್ನೊಂದೆಡೆ ಪ್ಯಾರಿಸ್ಸಿನಲ್ಲಿ ಅಯೋಡೀನಿನ ಪರೀಕ್ಷೆ, ಫ್ಲಾರೆನ್ಸಿನಲ್ಲಿ ಮಸೂರದ ಬಿಸಿಲಿನಿಂದ ವಜ್ರವನ್ನು ಸುಟ್ಟ ಪ್ರಯೋಗ, ಆಂಪೇರ್ ಮತ್ತು ವೋಲ್ಟರಂಥವರ ದರ್ಶನ. 1815ರಲ್ಲಿ ಹಿಂದಿರುಗಿದಾಗ ಫ್ಯಾರಡೆಗೆ ಯಾವ ಪದವಿಯೂ ಇರಲಿಲ್ಲ. ಆದರೆ ಪದವೀಧರರಿಗೂ ಸಿಗದ ಶಿಕ್ಷಣ ದೊರೆತಿತ್ತು. ಭಾಷೆಯ ಕೊರತೆಯನ್ನು ಆತ ಬೇಗನೆ ಅರಿತಿದ್ದನು. ಗೆಳೆಯರಿಂದ ವ್ಯಾಕರಣವನ್ನು ತಿದ್ದಿಸಿಕೊಂಡನು. ಹಣ ಕೊಟ್ಟು ವಾಚನಕಲೆಯ ಪಾಠ ಹೇಳಿಸಿಕೊಂಡನು.

1821 ಆತನ ಬದುಕಿನ ತಿರುವಿನ ವರ್ಷ. ಜೂನ್‌ನಲ್ಲಿ ಸಾರಾ ಬರ್ನಾರ್ಡಳೊಂದಿಗೆ ವಿವಾಹವಾಯಿತು. ಸೆಪ್ಟೆಂಬರಿನಲ್ಲಿ, ವಿದ್ಯುತ್ ಹರಿಯುವ ತಂತಿಯು ಅಯಸ್ಕಾಂತದ ಸುತ್ತ ತಿರುಗುವಂತೆ ಮಾಡಿ ತೋರಿಸಿದನು. ಈ ಯಶಸ್ಸೇ ಆತನಿಗೆ ಮುಳುವಾಯಿತು. ಹಿರಿಯ ವಿಜ್ಞಾನಿ ವೊಲಾಸ್ಟನ್ ಇದೇ ದಿಕ್ಕಿನಲ್ಲಿ ಚಿಂತಿಸುತ್ತಿದ್ದುದರಿಂದ, ಫ್ಯಾರಡೆ ಅನ್ಯರ ವಿಚಾರವನ್ನು ಕದ್ದನೆಂಬ ಪಿಸುಮಾತು ಹಬ್ಬಿತು. 1823ರಲ್ಲಿ ಕ್ಲೋರೀನ್ ಅನಿಲವನ್ನು ಒತ್ತಡದಲ್ಲಿ ದ್ರವವಾಗಿಸಿದಾಗ, ಅದರ ಶ್ರೇಯಸ್ಸಿನಲ್ಲಿ ಡೇವಿ ತನ್ನ ಪಾಲನ್ನೂ ಕೇಳಿದನು. ಫ್ಯಾರಡೆಯ ಹೆಸರು ರಾಯಲ್ ಸೊಸೈಟಿಯ ಸದಸ್ಯತ್ವಕ್ಕೆ ಸೂಚಿತವಾದಾಗ ಅಧ್ಯಕ್ಷನಾಗಿದ್ದ ಡೇವಿಯೇ ವಿರೋಧಿಸಿದನು. ಆದರೂ 1824ರ ಜನವರಿಯಲ್ಲಿ ಫ್ಯಾರಡೆ ಆಯ್ಕೆಯಾದನು. 1825ರ ಫೆಬ್ರವರಿಯಲ್ಲಿ ಪ್ರಯೋಗಶಾಲೆಯ ನಿರ್ದೇಶಕನ ಸ್ಥಾನವೂ ದೊರೆಯಿತು.

ಈ ಹಿನ್ನೆಲೆಯನ್ನು ಮರೆತರೆ 1825ರ ಬೇಸಿಗೆಯ ಕೆಲಸದ ಮಹತ್ತ್ವ ಮನಗಾಣುವುದಿಲ್ಲ. ಫ್ಯಾರಡೆ ಆಗ ಮೂವತ್ತಮೂರರ ಹರೆಯದವನು. ಆತನ ಎರಡು ಮುಖ್ಯ ಶೋಧಗಳ ಮೇಲೂ ಇತರರ ಹಕ್ಕಿನ ಮಾತು ಎದ್ದಿತ್ತು. ಯಾರ ನೆರಳೂ ಬೀಳದ, ಸಂಶಯಕ್ಕೆ ಎಡೆಯಿಲ್ಲದ ಕೆಲಸವೊಂದು ಆತನಿಗೆ ಅಗತ್ಯವಾಗಿತ್ತು. ಅದು ಬಂದದ್ದು ಉನ್ನತ ಸಿದ್ಧಾಂತದ ಕಡೆಯಿಂದಲ್ಲ, ದೀಪದ ಎಣ್ಣೆಯ ಕಡೆಯಿಂದ.

3. ಎಣ್ಣೆಯ ಅನಿಲದಿಂದ ಹರಳಿನವರೆಗೆ

ಅಂದಿನ ಲಂಡನ್ನಿನಲ್ಲಿ ಅನಿಲದ ದೀಪಗಳು ಹೊಸದಾಗಿ ಬಳಕೆಗೆ ಬಂದಿದ್ದವು. ಪೋರ್ಟಬಲ್ ಗ್ಯಾಸ್ ಕಂಪನಿಯು ಎಣ್ಣೆಯನ್ನು ಕೆಂಪಗೆ ಕಾದ ಪಾತ್ರೆಗೆ ಬಿಟ್ಟು, ಅದರಿಂದ ಹೊರಡುವ ಅನಿಲವನ್ನು ಸುಮಾರು 30 ವಾಯುಭಾರಗಳ ಒತ್ತಡದಲ್ಲಿ ಲೋಹದ ಪಾತ್ರೆಗಳಿಗೆ ತುಂಬಿ ಮನೆಗಳಿಗೆ ಕಳುಹಿಸುತ್ತಿತ್ತು. ಹೀಗೆ ಒತ್ತುವಾಗ ಒಂದು ತೆಳುವಾದ ದ್ರವವು ಹಿಂದೆ ಉಳಿಯುತ್ತಿತ್ತು. 1000 ಘನ ಅಡಿ ಅನಿಲಕ್ಕೆ ಹೆಚ್ಚುಕಡಿಮೆ ಒಂದು ಗ್ಯಾಲನ್ನಿನಷ್ಟು. ವ್ಯಾಪಾರಿಗಳ ಪಾಲಿಗೆ ಕಸವಾಗಿದ್ದ ಈ ದ್ರವವನ್ನು ಫ್ಯಾರಡೆ ಪರೀಕ್ಷೆಗೆ ತೆಗೆದುಕೊಂಡನು.

ಅದು ಒಂದೇ ವಸ್ತುವಲ್ಲ, ಹಲವು ವಸ್ತುಗಳ ಮಿಶ್ರಣವೆಂಬುದು ಕುದಿಸಿದೊಡನೆ ತಿಳಿಯಿತು. ಶುದ್ಧ ದ್ರವವು ಒಂದು ಉಷ್ಣತೆಯಲ್ಲಿ ಕುದಿಯತೊಡಗಿ ಅಲ್ಲಿಯೇ ನಿಲ್ಲುತ್ತದೆ. ಇದಾದರೋ ಕುದಿಯುತ್ತ ಕುದಿಯುತ್ತ ಮೇಲೇರುತ್ತಲೇ ಹೋಗುತ್ತಿತ್ತು. ಫ್ಯಾರಡೆ ಅದನ್ನು ಬಟ್ಟಿಯಿಳಿಸಿ, ಫ್ಯಾರನ್‌ಹೀಟ್ ಮಾನದ ಹತ್ತು ಹತ್ತು ಅಂಶಗಳಿಗೊಮ್ಮೆ ಇಳಿದ ದ್ರವವನ್ನು ಬೇರೆ ಬೇರೆಯಾಗಿ ಹಿಡಿದು, ಪ್ರತಿಯೊಂದನ್ನೂ ಮತ್ತೆ ಮತ್ತೆ ಬಟ್ಟಿಯಿಳಿಸಿದನು. ಹೀಗೆ ಮಾಡುತ್ತ ಹೋದಂತೆ, 176ರಿಂದ 190 ಅಂಶಗಳ ನಡುವೆ ಇಳಿಯುವ ಭಾಗವು ಉಳಿದೆಲ್ಲವಕ್ಕಿಂತ ಹೆಚ್ಚಾಗಿ ಸಂಗ್ರಹವಾಗುತ್ತಿರುವುದು ಕಾಣಿಸಿತು. ನಿಶ್ಚಿತ ಸ್ವರೂಪದ ವಸ್ತುವೊಂದು ಅಲ್ಲಿ ಅಡಗಿದೆ ಎಂಬುದಕ್ಕೆ ಇದು ಸೂಚನೆಯಾಗಿತ್ತು. ಆದರೆ ಸೂಚನೆಯು ಪ್ರಮಾಣವಲ್ಲ. ಬಟ್ಟಿಯಿಳಿಸುವುದರಿಂದ ಇದಕ್ಕಿಂತ ಮುಂದೆ ಹೋಗುವುದು ಸಾಧ್ಯವಿರಲಿಲ್ಲ.

ಇಲ್ಲಿ ಫ್ಯಾರಡೆ ದಾರಿಯನ್ನು ಬದಲಿಸಿದನು. ಬಿಸಿಯನ್ನು ಬಿಟ್ಟು ಶೀತವನ್ನು ಹಿಡಿದನು. ಆ ಭಾಗವನ್ನು ಗಾಜಿನ ನಳಿಕೆಗೆ ಹಾಕಿ ಫ್ಯಾರನ್‌ಹೀಟ್ ಸೊನ್ನೆಗೆ, ಎಂದರೆ ಸೆಲ್ಸಿಯಸ್ ಮಾನದಲ್ಲಿ ಸುಮಾರು ಮೈನಸ್ 18ಕ್ಕೆ, ತಂಪುಗೊಳಿಸಿದಾಗ ನಳಿಕೆಯ ಒಳಮೈಯಲ್ಲಿ ಹರಳುಗಳು ಮೂಡಿದವು. ಹೆಪ್ಪುಗಟ್ಟದೆ ಉಳಿದ ದ್ರವವನ್ನು ಬೇರ್ಪಡಿಸಿ, ಹರಳುಗಳನ್ನು ಹೀರುಕಾಗದದ ನಡುವೆ ಇಟ್ಟು, ಬ್ರಾಮಾ ಒತ್ತುಯಂತ್ರದಲ್ಲಿ ಬಲವಾಗಿ ಹಿಂಡಿದನು. ಇದೆಲ್ಲವೂ ಆ ಹರಳು ಕರಗದಷ್ಟು ಶೀತದಲ್ಲಿಯೇ ನಡೆಯಬೇಕಿತ್ತು. ಪುಸ್ತಕ ಕಟ್ಟುವವನಿಗೆ ಕಾಗದದ ಗುಣವನ್ನೂ ಒತ್ತುಯಂತ್ರದ ಬಳಕೆಯನ್ನೂ ಯಾರೂ ಹೊಸದಾಗಿ ಕಲಿಸಬೇಕಾಗಿರಲಿಲ್ಲ.

ಹೀಗೆ ದೊರೆತ ಬಿಳಿಯ ಘನವಸ್ತುವು 42 ಅಂಶ ಫ್ಯಾರನ್‌ಹೀಟಿನಲ್ಲಿ ಕರಗಿ ಬಣ್ಣವಿಲ್ಲದ ದ್ರವವಾಯಿತು. ಸೆಲ್ಸಿಯಸ್ ಮಾನದಲ್ಲಿ ಇದು 5.5ಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ನೀರು ಹೆಪ್ಪುಗಟ್ಟುವಾಗ ಹಿಗ್ಗುತ್ತದೆ. ಈ ದ್ರವವು ಕುಗ್ಗುತ್ತದೆಂದೂ, ಒಂಬತ್ತು ಪಾಲು ದ್ರವವು ಎಂಟು ಪಾಲು ಘನವಾಗುತ್ತದೆಂದೂ ಫ್ಯಾರಡೆ ಗುರುತಿಸಿದನು. ಕುದಿಬಿಂದುವನ್ನು 186 ಅಂಶ ಫ್ಯಾರನ್‌ಹೀಟ್ ಎಂದು ಬರೆದುಕೊಂಡನು. 1825ರ ಜೂನ್ 16ರಂದು ಈ ಶೋಧದ ಪ್ರಬಂಧವು ರಾಯಲ್ ಸೊಸೈಟಿಯಲ್ಲಿ ಮಂಡಿತವಾಯಿತು.

4. ಅಂಕಿ ಏಕೆ ಉಳಿಯಿತು?

ಈ ಎರಡು ಅಂಕಿಗಳನ್ನು ಇಂದಿನ ಅಂಕಿಗಳೊಂದಿಗೆ ಹೋಲಿಸಿದರೆ ಒಂದು ಕುತೂಹಲಕರ ಅಂಶ ಹೊರಬೀಳುತ್ತದೆ. ಶುದ್ಧ ಬೆಂಜೀನಿನ ಕುದಿಬಿಂದು 80.1 ಸೆಲ್ಸಿಯಸ್. ಫ್ಯಾರಡೆಯ 186 ಅಂಶ ಫ್ಯಾರನ್‌ಹೀಟ್ 85.6 ಸೆಲ್ಸಿಯಸ್ಸಿಗೆ ಸಮ; ಎಂದರೆ ಐದು ಅಂಶಗಳಿಗೂ ಮೀರಿದ ವ್ಯತ್ಯಾಸ. ದ್ರವನಬಿಂದು ಇಂದಿನ ಲೆಕ್ಕದಲ್ಲಿ ಸುಮಾರು 5.5 ಸೆಲ್ಸಿಯಸ್, ಫ್ಯಾರಡೆಯ ಅಂಕಿಗೂ ಇದಕ್ಕೂ ವ್ಯತ್ಯಾಸವಿಲ್ಲವೆಂದೇ ಹೇಳಬೇಕು. ಒಂದೇ ಕೈ, ಒಂದೇ ವಸ್ತು, ಒಂದೇ ಋತು. ಆದರೂ ಒಂದು ಅಳತೆ ತಪ್ಪಿತು, ಇನ್ನೊಂದು ನಿಂತಿತು.

ಇದಕ್ಕೆ ಆಯಾ ಅಳತೆಗಳ ಸ್ವಭಾವದಲ್ಲಿಯೇ ಕಾರಣವಿದೆ. ಕುದಿಬಿಂದುವು ಹೊರಗಿನ ಗಾಳಿಯ ಒತ್ತಡಕ್ಕೆ ತಕ್ಕಂತೆ ಏರಿಳಿಯುತ್ತದೆ. ನುಣುಪಾದ ಗಾಜಿನ ಪಾತ್ರೆಯಲ್ಲಿ ದ್ರವವು ತಾನು ಕುದಿಯಬೇಕಾದ ಉಷ್ಣತೆಯನ್ನು ದಾಟಿಯೂ ಕುದಿಯದೆ ಉಳಿಯಬಹುದು. ಅಲ್ಪ ಪ್ರಮಾಣದ ಬೆರಕೆಯೂ ಅದನ್ನು ಕದಲಿಸಬಲ್ಲದು. ದ್ರವನಬಿಂದುವಿನ ಮೇಲೆ ಗಾಳಿಯ ಒತ್ತಡದ ಪ್ರಭಾವ ನಗಣ್ಯ. ಘನವೂ ದ್ರವವೂ ಒಟ್ಟಿಗೆ ಇರುವವರೆಗೆ, ಹೊರಗಿನಿಂದ ಬರುವ ಶಾಖವೆಲ್ಲ ಕರಗಿಸುವುದಕ್ಕೇ ವ್ಯಯವಾಗುವುದರಿಂದ, ಉಷ್ಣತಾಮಾಪಕದ ಪಾದರಸವು ಒಂದೆಡೆ ನಿಲ್ಲುತ್ತದೆ. ಅಳೆಯುವವನಿಗೆ ಓದಿಕೊಳ್ಳಲು ಸಾವಕಾಶ ದೊರೆಯುತ್ತದೆ.

ಇದಕ್ಕಿಂತ ಆಳವಾದ ಕಾರಣ ಇನ್ನೊಂದಿದೆ. ದ್ರವವು ಹರಳಾಗುವಾಗ ಸಾಮಾನ್ಯವಾಗಿ ತನ್ನ ಜಾತಿಯ ಅಣುಗಳನ್ನು ಮಾತ್ರ ಸಾಲಿನಲ್ಲಿ ನಿಲ್ಲಿಸಿಕೊಂಡು, ಅನ್ಯ ವಸ್ತುಗಳನ್ನು ಉಳಿದ ದ್ರವಕ್ಕೆ ದೂಡುತ್ತದೆ. ಆ ದ್ರವವನ್ನು ಹಿಂಡಿ ತೆಗೆದರೆ ಬೆರಕೆಯೂ ಅದರೊಂದಿಗೇ ಹೋಗುತ್ತದೆ. ಬೆರಕೆ ಉಳಿದಿದ್ದರೆ ದ್ರವನಬಿಂದು ಕೆಳಗಿಳಿಯುತ್ತದೆ. ಮತ್ತೆ ಹೆಪ್ಪುಗಟ್ಟಿಸಿ ಹಿಂಡಿದಂತೆ ಅದು ಮೇಲೇರುತ್ತದೆ. ಇನ್ನು ಏರದೆ ನಿಂತಾಗ ವಸ್ತುವು ಶುದ್ಧವಾಯಿತೆಂದು ತಿಳಿಯಬಹುದು. ಎಂದರೆ ಹೆಪ್ಪುಗಟ್ಟಿಸುವ ಕ್ರಿಯೆಯಲ್ಲಿ ಶುದ್ಧೀಕರಣ ಮತ್ತು ಪರೀಕ್ಷೆ ಎರಡೂ ಏಕಕಾಲಕ್ಕೆ ನಡೆಯುತ್ತವೆ. ಇದ್ದಿಲಿಗೆ ಚಿನ್ನವನ್ನು ಒಡ್ಡುವ ಅಕ್ಕಸಾಲಿಗನ ಕ್ರಮಕ್ಕೆ ಇದು ಹತ್ತಿರವಾದುದು. ವ್ಯತ್ಯಾಸವೆಂದರೆ ಇಲ್ಲಿ ಪುಟವಿಡುವುದು ಬೆಂಕಿಯಲ್ಲ, ಶೀತ. ತನ್ನ ಪ್ರಾಮಾಣಿಕತೆಯೇ ಪ್ರಶ್ನೆಗೊಳಗಾಗಿದ್ದ ಕಾಲದಲ್ಲಿ ಫ್ಯಾರಡೆ ಕಂಡುಕೊಂಡದ್ದು ಯಾವ ದೇಶದ ಯಾವ ಪ್ರಯೋಗಶಾಲೆಯಲ್ಲಾದರೂ ಮತ್ತೊಮ್ಮೆ ಪರೀಕ್ಷಿಸಬಹುದಾದ ಇಂಥ ಒಂದು ಪ್ರಮಾಣವನ್ನು. ಈ ಶೋಧದ ಹಕ್ಕಿನ ಬಗ್ಗೆ ಪಿಸುಮಾತು ಏಳಲಿಲ್ಲ.

5. ಹೆಸರು ಏಕೆ ಅಳಿಯಿತು?

ವಸ್ತುವಿನ ಘಟಕಗಳನ್ನು ತೂಗಿ ನೋಡಿದಾಗ, ತೂಕದಲ್ಲಿ ಹನ್ನೆರಡು ಪಾಲು ಇಂಗಾಲ ಮತ್ತು ಒಂದು ಪಾಲು ಜಲಜನಕ ಇರುವುದು ಫ್ಯಾರಡೆಗೆ ತಿಳಿಯಿತು. ಈ ತೂಕ ಇಂದಿಗೂ ಸರಿ. ಆದರೆ ಆತ ಬಳಸುತ್ತಿದ್ದ ಲೆಕ್ಕದಲ್ಲಿ ಇಂಗಾಲದ ಸಂಯೋಜಕ ತೂಕ 6. ಆ ಪ್ರಕಾರ ಒಂದು ಜಲಜನಕಕ್ಕೆ ಎರಡು ಇಂಗಾಲವಾಯಿತು. ಎರಡು ಎಂಬ ಅರ್ಥವನ್ನು ಹೊತ್ತ 'ಬೈಕಾರ್ಬ್ಯುರೆಟ್ ಆಫ್ ಹೈಡ್ರೋಜನ್' ಎಂಬ ಹೆಸರನ್ನು ಆತ ಇಟ್ಟನು. ಇಂಗಾಲದ ಪರಮಾಣು ತೂಕ 12 ಎಂಬುದು ಮುಂದೆ ಸ್ಥಿರಪಟ್ಟಾಗ ಇವೆರಡರ ಅನುಪಾತ ಒಂದಕ್ಕೊಂದು ಎಂದಾಯಿತು. ಹೆಸರಿನೊಳಗಿನ 'ಎರಡು' ಸುಳ್ಳಾಯಿತು. ಅಳತೆ ತಪ್ಪಾಗಿರಲಿಲ್ಲ. ಅಂದಿನ ಸಿದ್ಧಾಂತವನ್ನು ಹೆಸರಿನೊಳಗೆ ಸೇರಿಸಿದ್ದೇ ತೊಡಕಾಯಿತು.

ಸಿದ್ಧಾಂತ ಬದಲಾಗುವವರೆಗೂ ಆ ಹೆಸರು ಕಾಯಬೇಕಾಗಲಿಲ್ಲ ಎಂಬುದು ಬೇರೆ ಮಾತು. 1833ರಲ್ಲಿ ಜರ್ಮನಿಯ ಮಿಟ್ಷರ್ಲಿಚ್ ಬೆಂಜೋಯಿಕ್ ಆಮ್ಲವನ್ನು ಸುಣ್ಣದೊಂದಿಗೆ ಕಾಯಿಸಿ ಇದೇ ದ್ರವವನ್ನು ಪಡೆದು 'ಬೆಂಜಿನ್' ಎಂದನು. ಲೀಬಿಗ್ ಅದನ್ನು 'ಬೆಂಜೋಲ್' ಎಂದು ತಿದ್ದಿದನು. ಫ್ರಾನ್ಸಿನ ಲೊರಾಂ ಬೆಳಕಿಗೆ ಸಂಬಂಧಿಸಿದ ಗ್ರೀಕ್ ಮೂಲದಿಂದ 'ಫೀನ್' ಎಂಬ ಹೆಸರನ್ನು ಸೂಚಿಸಿದನು. ದೀಪದ ಅನಿಲದಲ್ಲಿ ಸಿಕ್ಕಿದ ವಸ್ತುವಿಗೆ ಅದು ಒಪ್ಪುವ ಹೆಸರೇ ಆಗಿತ್ತು. ಆದರೆ ಅದು ಫೀನಾಲ್, ಫೀನೈಲ್ ಎಂಬ ಪದಗಳಲ್ಲಿ ಮಾತ್ರ ಉಳಿದುಕೊಂಡಿತು.

ಗೆದ್ದ ಹೆಸರಿನ ಮೂಲವು ಕನ್ನಡದ ಓದುಗರಿಗೆ ಅಪರಿಚಿತವಾದುದಲ್ಲ. ಬೆಂಜೋಯಿಕ್ ಆಮ್ಲವು ದೊರೆಯುತ್ತಿದ್ದುದು ಸುಮಾತ್ರ ಮೊದಲಾದ ದ್ವೀಪಗಳ ಮರದ ಧೂಪದಂಟಿನಿಂದ. ಅರಬ್ ವರ್ತಕರು ಅದನ್ನು 'ಲುಬಾನ್ ಜಾವಿ', ಎಂದರೆ ಜಾವಾದ ಧೂಪ, ಎಂದು ಕರೆಯುತ್ತಿದ್ದರು. ಯೂರೋಪಿನ ಭಾಷೆಗಳಲ್ಲಿ ಮೊದಲಕ್ಷರಗಳು ಉದುರಿ ಅದು ಬೆಂಜೋಯಿನ್ ಆಯಿತು. ಅದರಿಂದ ಬೆಂಜೋಯಿಕ್, ಅದರಿಂದ ಬೆಂಜೀನ್. ಕನ್ನಡದಲ್ಲಿ ಧೂಪಕ್ಕೆ ಬಳಕೆಯಲ್ಲಿರುವ 'ಲೋಬಾನ' ಎಂಬ ಪದವೂ ಅದೇ ಅರಬ್ಬೀ ಮೂಲದ್ದು. ಕರ್ನಾಟಕದ ಸಂತೆಗಳಲ್ಲಿ ಮಾರಾಟವಾಗುವ, ದರ್ಗಾಗಳಲ್ಲಿ ಕೆಂಡದ ಮೇಲೆ ಉದುರಿಸುವ ಲೋಬಾನಕ್ಕೂ ರಸಾಯನಶಾಸ್ತ್ರದ ಬೆಂಜೀನಿಗೂ ಪದಮೂಲದ ನಂಟಿದೆ. ಈ ಹೆಸರು ವಸ್ತುವಿನ ರಚನೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಹೇಳದೆ ಇದ್ದುದರಿಂದಲೇ ಸುಳ್ಳಾಗುವ ಅಪಾಯವೂ ಅದಕ್ಕೆ ಬರಲಿಲ್ಲ.

ಹೆಸರು ಏನೇ ಆಗಿದ್ದರೂ ವಸ್ತು ಒಂದೇ ಎಂಬುದನ್ನು ಸಾಧಿಸಲು ರಸಾಯನಶಾಸ್ತ್ರಜ್ಞರು ಮೊರೆಹೊಕ್ಕಿದ್ದು ಲಕ್ಷಣಗಳನ್ನೇ. 1845ರಲ್ಲಿ ಹಾಫ್‌ಮನ್ ಅದನ್ನು ಕಲ್ಲಿದ್ದಲಿನ ಟಾರಿನಲ್ಲಿ ಕಂಡನು. ಆತನ ಶಿಷ್ಯ ಚಾರ್ಲ್ಸ್ ಮ್ಯಾನ್ಸ್‌ಫೀಲ್ಡ್ ಬಟ್ಟಿಯಿಳಿಸಿ, ಬಳಿಕ ಹೆಪ್ಪುಗಟ್ಟಿಸಿ, ಅದನ್ನು ಹೆಚ್ಚಿನ ಪ್ರಮಾಣದಲ್ಲಿ ಶುದ್ಧಗೊಳಿಸಿದನು. 1855ರಲ್ಲಿ ಅದೇ ಕೆಲಸದ ನಡುವೆ ಹೊತ್ತಿಕೊಂಡ ಬೆಂಕಿಗೆ ಬಲಿಯಾದನು. 1865ರಲ್ಲಿ ಕೆಕುಲೆ ಆರು ಇಂಗಾಲಗಳ ಉಂಗುರದ ರಚನೆಯನ್ನು ಸೂಚಿಸಿದನು. 1882ರಿಂದ ಫ್ರಾನ್ಸಿನ ರಾವೂಲ್ ದ್ರಾವಕಗಳ ಹೆಪ್ಪುಬಿಂದುವು ದ್ರಾವ್ಯದಿಂದ ಎಷ್ಟು ಕುಸಿಯುತ್ತದೆಂಬುದನ್ನು ಕ್ರಮವಾಗಿ ಅಳೆದನು. ಒಂದು ಕಿಲೋಗ್ರಾಂ ನೀರಿನಲ್ಲಿ ಒಂದು ಮೋಲ್ ವಸ್ತು ಕರಗಿದರೆ ಹೆಪ್ಪುಬಿಂದು 1.86 ಅಂಶ ಕುಸಿಯುತ್ತದೆ. ಬೆಂಜೀನಿನಲ್ಲಿ ಈ ಕುಸಿತ 5.1 ಅಂಶದಷ್ಟು. ಕುಸಿತ ಹೆಚ್ಚಿದಷ್ಟೂ ಅಳತೆ ಸುಲಭ. ಹೀಗಾಗಿ ಅಪರಿಚಿತ ವಸ್ತುಗಳ ಅಣುತೂಕವನ್ನು ಕಂಡುಹಿಡಿಯಲು ಬೆಂಜೀನ್ ಬಹುಕಾಲ ಒಂದು ಮೆಚ್ಚಿನ ದ್ರಾವಕವಾಗಿತ್ತು. ಆ ಎಲ್ಲ ಪ್ರಯೋಗಗಳಲ್ಲಿಯೂ ಎಣಿಕೆ ಆರಂಭವಾಗುತ್ತಿದ್ದುದು ಶುದ್ಧ ಬೆಂಜೀನಿನ ದ್ರವನಬಿಂದುವಿನಿಂದ, ಎಂದರೆ 1825ರಲ್ಲಿ ಮೊದಲು ಬರೆಯಲ್ಪಟ್ಟ ಆ ಅಂಕಿಯಿಂದ. ಬೆಂಜೀನಿನ ಆವಿ ರಕ್ತದ ಕ್ಯಾನ್ಸರಿಗೆ ಕಾರಣವಾಗಬಲ್ಲದೆಂದು ಇಪ್ಪತ್ತನೆಯ ಶತಮಾನದಲ್ಲಿ ದೃಢಪಟ್ಟ ಮೇಲೆ ಅದರ ಬಳಕೆಗೆ ಕಡಿವಾಣ ಬಿದ್ದಿತು.

6. ಇನ್ನೊಂದು ನಾಮಕರಣ

1827ರಲ್ಲಿ ಫ್ಯಾರಡೆ ಪ್ರಯೋಗಶಾಲೆಯ ಕೈಕೆಲಸವನ್ನು ಕುರಿತ 'ಕೆಮಿಕಲ್ ಮ್ಯಾನಿಪ್ಯುಲೇಶನ್' ಎಂಬ ದೊಡ್ಡ ಗ್ರಂಥವನ್ನು ಹೊರತಂದನು. ತೂಗುವುದು, ಕಾಯಿಸುವುದು, ಸೋಸುವುದು, ಬಟ್ಟಿಯಿಳಿಸುವುದು ಇತ್ಯಾದಿ ಕ್ರಿಯೆಗಳನ್ನು ವಿದ್ಯಾರ್ಥಿಗೆ ಹೇಳಿಕೊಡುವ ಪುಸ್ತಕ ಅದು. 1831ರ ಆಗಸ್ಟ್ 29ರಂದು ವಿದ್ಯುತ್ಕಾಂತೀಯ ಪ್ರೇರಣೆಯನ್ನು ಕಂಡುಕೊಂಡ ಮೇಲೆ ಆತನ ಗಮನ ಬಹುಪಾಲು ವಿದ್ಯುತ್ತಿನ ಕಡೆಗೆ ತಿರುಗಿತು. ದ್ರಾವಣಗಳು ವಿದ್ಯುತ್ತಿನಿಂದ ಒಡೆಯುವ ಕ್ರಿಯೆಯನ್ನು ಪರಿಶೀಲಿಸುವಾಗ ಹೆಸರಿನ ಸಮಸ್ಯೆ ಮತ್ತೆ ಎದುರಾಯಿತು. ರೂಢಿಯಲ್ಲಿದ್ದ 'ಧ್ರುವ' ಎಂಬ ಪದವು, ಲೋಹದ ತುದಿಗಳು ಕಣಗಳನ್ನು ದೂರದಿಂದ ಸೆಳೆಯುತ್ತವೆ ಎಂಬ ಸಿದ್ಧಾಂತವನ್ನು ಒಳಗಿಟ್ಟುಕೊಂಡಿತ್ತು. ಫ್ಯಾರಡೆಗೆ ಆ ಸಿದ್ಧಾಂತ ಒಪ್ಪಿಗೆಯಾಗಿರಲಿಲ್ಲ. ಯಾವ ಸಿದ್ಧಾಂತಕ್ಕೂ ಕಟ್ಟುಬೀಳದ, ನಾಳೆ ತಿಳಿವಳಿಕೆ ಬದಲಾದರೂ ಬಾಳುವ ಹೆಸರುಗಳು ಆತನಿಗೆ ಬೇಕಾಗಿದ್ದವು.

ಗ್ರೀಕ್ ಬಾರದ ಫ್ಯಾರಡೆ 1834ರಲ್ಲಿ ಕೇಂಬ್ರಿಜ್ಜಿನ ವಿದ್ವಾಂಸ ವಿಲಿಯಂ ಹ್ಯೂವೆಲ್‌ನ ನೆರವನ್ನು ಕೋರಿದನು. ಆನೋಡ್, ಕ್ಯಾಥೋಡ್, ಅಯಾನ್ ಎಂಬ ಪದಗಳು ಹುಟ್ಟಿದ್ದು ಈ ಪತ್ರವ್ಯವಹಾರದಿಂದ. ಸೂರ್ಯನ ಉದಯ ಮತ್ತು ಅಸ್ತಗಳ ದಿಕ್ಕನ್ನು ಕಲ್ಪಿಸಿಕೊಂಡು, ಮೇಲೇರುವ ದಾರಿ, ಕೆಳಗಿಳಿಯುವ ದಾರಿ ಎಂಬ ಅರ್ಥದಲ್ಲಿ ಮೊದಲೆರಡು ಪದಗಳನ್ನು ರಚಿಸಲಾಯಿತು. ಅಯಾನ್ ಎಂದರೆ ಚಲಿಸುವುದು ಎಂದಷ್ಟೇ ಅರ್ಥ. ವಿದ್ಯುತ್ತಿನ ಚಿಹ್ನೆಯ ಬಗ್ಗೆ ಈ ಪದಗಳು ಏನನ್ನೂ ಸಾರುವುದಿಲ್ಲ. ಬೈಕಾರ್ಬ್ಯುರೆಟ್ಟಿನ ಪ್ರಸಂಗವನ್ನೂ ಈ ಪ್ರಸಂಗವನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ, ನಡುವಿನ ಒಂಬತ್ತು ವರ್ಷಗಳಲ್ಲಿ ನಾಮಕರಣದ ಬಗೆಗಿನ ಆತನ ನಿಲುವು ಎಷ್ಟು ದೂರ ಸಾಗಿತ್ತೆಂಬುದು ಸ್ಪಷ್ಟವಾಗುತ್ತದೆ.

ಕನ್ನಡದ ಪಠ್ಯಪುಸ್ತಕಗಳಲ್ಲಿ ಆನೋಡ್ ಪದಕ್ಕೆ 'ಧನಾಗ್ರ' ಎಂದೂ ಕ್ಯಾಥೋಡ್ ಪದಕ್ಕೆ 'ಋಣಾಗ್ರ' ಎಂದೂ ಬಳಸುವ ರೂಢಿಯಿದೆ. ವಿದ್ಯುದ್ವಿಭಜನೆಯ ಸಂದರ್ಭದಲ್ಲಿ ಇವು ಸರಿಯಾಗಿಯೇ ಹೊಂದುತ್ತವೆ. ವಿದ್ಯಾರ್ಥಿಗೆ ಅರ್ಥವೂ ಸುಲಭವಾಗಿ ಹೊಳೆಯುತ್ತದೆ. ಆದರೆ ತಾನೇ ವಿದ್ಯುತ್ತನ್ನು ನೀಡುವ ಕೋಶದಲ್ಲಿ ಆನೋಡ್ ಋಣ ತುದಿಯಾಗಿರುತ್ತದೆ, ಕ್ಯಾಥೋಡ್ ಧನ ತುದಿಯಾಗಿರುತ್ತದೆ. ಅಲ್ಲಿ ಧನಾಗ್ರವನ್ನು ಋಣವೆಂದು ಹೇಳಬೇಕಾದ ಇಕ್ಕಟ್ಟು ಒದಗುತ್ತದೆ. ಫ್ಯಾರಡೆ ಯಾವ ತೊಡಕನ್ನು ತಪ್ಪಿಸಲು ಹೊಸ ಪದಗಳನ್ನು ಬಯಸಿದನೋ ಅಂಥದೇ ತೊಡಕು ಅನುವಾದದ ದಾರಿಯಿಂದ ಒಳಬಂದಿದೆ. ಇದು ಎರವಲು ಪದವೇ ಲೇಸು ಎಂಬ ತೀರ್ಮಾನಕ್ಕೆ ಆಧಾರವಲ್ಲ. ಅರ್ಥವನ್ನು ಬಿಡಿಸಿ ಹೇಳುವ ಪದಕ್ಕೆ ಆ ಅರ್ಥದ ಎಲ್ಲೆಯೂ ಅಂಟಿಕೊಂಡಿರುತ್ತದೆ ಎಂಬ ಎಚ್ಚರ ಪದರಚಕರಿಗೆ ಇರಬೇಕೆಂಬುದಷ್ಟೇ ಇದರ ಪಾಠ.

7. ಕೊನೆಯ ದಿನಗಳು

1839ರ ಸುಮಾರಿಗೆ ಫ್ಯಾರಡೆಯ ಆರೋಗ್ಯ ಕುಸಿಯಿತು, ಮರೆವು ಕಾಡತೊಡಗಿತು. ಕೆಲವು ವರ್ಷಗಳ ವಿಶ್ರಾಂತಿಯ ಬಳಿಕ, 1845ರಲ್ಲಿ, ಬೆಳಕಿನ ಮೇಲೆ ಅಯಸ್ಕಾಂತದ ಪ್ರಭಾವವನ್ನು ಕಂಡುಹಿಡಿಯುವ ಮಟ್ಟಿಗೆ ಆತ ಚೇತರಿಸಿಕೊಂಡನು. ಆದರೆ ನೆನಪು ಮೊದಲಿನಂತಾಗಲಿಲ್ಲ. ಪ್ರತಿಯೊಂದು ಪ್ರಯೋಗವನ್ನೂ ಅಂದಂದೇ ದಿನಚರಿಗೆ ಇಳಿಸುವ, ಕಂಡಿಕೆಗಳಿಗೆ ಕ್ರಮವಾಗಿ ಸಂಖ್ಯೆ ಹಾಕುವ ಆತನ ಅಭ್ಯಾಸವು ಈ ಕಾಲದಲ್ಲಿ ಊರುಗೋಲಾಯಿತು. ಮನಸ್ಸಿನಿಂದ ಜಾರಿದುದನ್ನು ಕಾಗದವು ಹಿಡಿದಿಟ್ಟುಕೊಂಡಿತು.

ಚಿಕ್ಕಮಕ್ಕಳಿಗಾಗಿ ಕ್ರಿಸ್‌ಮಸ್ ಕಾಲದಲ್ಲಿ ನಡೆಯುವ ಉಪನ್ಯಾಸಗಳನ್ನು ಆತ ಹತ್ತೊಂಬತ್ತು ವರ್ಷ ನೀಡಿದನು. 1860–61ರ ಕೊನೆಯ ಮಾಲಿಕೆಯ ವಿಷಯ ಒಂದು ಮೇಣದ ಬತ್ತಿ. ಎಣ್ಣೆಯ ಅನಿಲದ ಕಸದಲ್ಲಿ ಬೆಂಜೀನನ್ನು ಕಂಡವನು, ಬತ್ತಿಯ ಜ್ವಾಲೆಯಲ್ಲಿ ರಸಾಯನಶಾಸ್ತ್ರವನ್ನೇ ಕಾಣಿಸಿದನು. 1857ರಲ್ಲಿ ರಾಯಲ್ ಸೊಸೈಟಿಯ ಅಧ್ಯಕ್ಷ ಪದವಿ ಮನೆಬಾಗಿಲಿಗೆ ಬಂದಾಗ ಒಲ್ಲೆನೆಂದನು. ಬಿರುದನ್ನೂ ಸ್ವೀಕರಿಸದೆ ಬರಿಯ ಮೈಕೆಲ್ ಫ್ಯಾರಡೆಯಾಗಿಯೇ ಉಳಿದನು. 1858ರಲ್ಲಿ ವಿಕ್ಟೋರಿಯಾ ರಾಣಿ ಹ್ಯಾಂಪ್ಟನ್ ಕೋರ್ಟಿನಲ್ಲಿ ಮನೆಯೊಂದನ್ನು ಬಿಟ್ಟುಕೊಟ್ಟಳು. 1867ರ ಆಗಸ್ಟ್ 25ರಂದು ಆತ ಅಲ್ಲಿಯೇ ತೀರಿಕೊಂಡನು. ಹೈಗೇಟ್ ರುದ್ರಭೂಮಿಯಲ್ಲಿ, ಹೆಸರು ಮತ್ತು ಜನನ ಮರಣಗಳ ದಿನಾಂಕಗಳನ್ನಷ್ಟೇ ಹೊತ್ತ ಕಲ್ಲಿನ ಕೆಳಗೆ, ಆತನ ಸಮಾಧಿಯಿದೆ.

ಆತ ಬೇರ್ಪಡಿಸಿದ ಬೆಂಜೀನಿನ ಮಾದರಿಯು ಗಾಜಿನ ಸೀಸೆಯೊಂದರಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಸಂಗ್ರಹದಲ್ಲಿ ಉಳಿದುಬಂದಿದೆ. ಆತ ಕೊಟ್ಟ ಹೆಸರಿನಿಂದ ಅದನ್ನು ಇಂದು ಯಾರೂ ಕರೆಯುವುದಿಲ್ಲ. ಆದರೆ ಜಗತ್ತಿನ ಯಾವ ಮೂಲೆಯಲ್ಲಾದರೂ ಶುದ್ಧ ಬೆಂಜೀನನ್ನು ಹೆಪ್ಪುಗಟ್ಟಿಸಿ ನಿಧಾನವಾಗಿ ಬಿಸಿಗೆ ಬಿಟ್ಟರೆ, ಉಷ್ಣತಾಮಾಪಕವು 1825ರಲ್ಲಿ ನಿಂತ ಗೆರೆಯಲ್ಲಿಯೇ ನಿಲ್ಲುತ್ತದೆ. ಶಾಸ್ತ್ರದ ಭಾಷೆಯನ್ನು ಕಟ್ಟುವವರು ಹೆಸರಿಗಾಗಿ ನಡೆಸುವ ವಾದಗಳಿಗೆ ಅವುಗಳದೇ ಆದ ಮಹತ್ತ್ವವಿದೆ. ಅದರ ಜೊತೆಗೆ, ಹೆಸರು ಬದಲಾದಾಗಲೂ ಬದಲಾಗದೆ ಉಳಿಯುವ ಲಕ್ಷಣವನ್ನು ಮೊದಲು ಖಚಿತಪಡಿಸಿಕೊಳ್ಳಬೇಕೆಂಬ ವಿವೇಕವನ್ನು ಕಮ್ಮಾರನ ಮಗನ ಈ ಬದುಕು ಕಲಿಸಿಕೊಡುತ್ತದೆ.